ಹೆಸರು ಕೊಂಡರೆ ಹೆಸರು ನಮ್ಮದಾದೀತೇ?

ಮನೆಯಲ್ಲಿ ಮಗು ಹುಟ್ಟಿದರೆ ಹೆಸರಿಡಲು ನಾವು ಎಷ್ಟೊಂದು ಯೋಚಿಸುತ್ತೇವೆ! ಪಂಚಾಂಗ ತೆಗೆಸಿ ನಕ್ಷತ್ರ ನೋಡುತ್ತೇವೆ. ಅಜ್ಜಿಯ ಹೆಸರಿರಲಿ ಎಂದು ಒಬ್ಬರು, ಹೊಸ ಹೆಸರಿರಲಿ ಎಂದು ಇನ್ನೊಬ್ಬರು ಹಟ ಹಿಡಿಯುತ್ತಾರೆ. ಓರಗಿತ್ತಿಯ ಮಗುವಿಗೆ ಅದೇ ಹೆಸರಿದ್ದರಂತೂ ಬೇಡವೇ ಬೇಡ ಎನ್ನುತ್ತೇವೆ. ಆದರೆ ಮನೆಯಲ್ಲಿ ಮಾಡುವ ಸಾರಿನ ಪುಡಿಯನ್ನೋ, ಹಪ್ಪಳ ಸಂಡಿಗೆಯನ್ನೋ ಇಂಟರ್‌ನೆಟ್ಟಿನಲ್ಲಿ ಮಾರಲು ಹೊರಟಾಗ ಅದಕ್ಕೆ ಐದು ನಿಮಿಷದಲ್ಲಿ ಒಂದು ಹೆಸರು ಅಂಟಿಸಿಬಿಡುತ್ತೇವೆ. ಅಂಥ ಐದು ನಿಮಿಷದ ಕೆಲಸಕ್ಕೆ ನಮ್ಮ ಮನೆಯವರು ತೆತ್ತ ಬೆಲೆ ಸಣ್ಣದಲ್ಲ. ಅದನ್ನು ನಿಮಗೆ ಹೇಳಬೇಕೆಂದೇ ಈ ಲೇಖನ ಬರೆಯುತ್ತಿದ್ದೇನೆ.

ನನ್ನ ನಾದಿನಿಯ ಗಂಡನಿಗೆ ಒಂದು ಸಣ್ಣ ಬಟ್ಟೆ ಅಂಗಡಿ ಇತ್ತು. 2020ರಲ್ಲಿ ಕೊರೋನಾ ಬಂದು ಅಂಗಡಿ ಮುಚ್ಚಿತು. ಕೈಕಟ್ಟಿ ಕೂರುವವಳಲ್ಲ ನನ್ನ ನಾದಿನಿ. ಧನಿಯ, ಬ್ಯಾಡಗಿ ಮೆಣಸಿನಕಾಯಿ ತಂದು ಒಲೆಯ ಮುಂದೆ ನಿಂತಳು. ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ ಮಾಡಿ ಮೊದಲು ಬೀದಿಯವರಿಗೆ, ಆಮೇಲೆ ಬೆಂಗಳೂರಿನ ನೆಂಟರಿಗೆ ಕೊಟ್ಟಳು. ರುಚಿ ಹಿಡಿಯಿತು. ಎರಡು ವರ್ಷದಲ್ಲಿ ಮನೆ ಖರ್ಚು ಆ ಪುಡಿಯಿಂದಲೇ ಸಾಗುವಂತಾಯಿತು. ಆಗ ಎಂಜಿನಿಯರಿಂಗ್ ಓದುತ್ತಿದ್ದ ಅವಳ ಮಗ, "ಅಮ್ಮ, ನಮ್ಮದೇ ಒಂದು ವೆಬ್‌ಸೈಟ್ ಮಾಡೋಣ" ಎಂದ. ಹೆಸರೇನಿಡುವುದು?

ಹೆಸರು ಸೂಚಿಸಿದವಳು ನಾನೇ. ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಒಂದು ದೊಡ್ಡ ಮಸಾಲೆ ಕಂಪನಿ ಉಂಟು. ಅದರ ಹೆಸರಿನ ಮುಂದೆ "ಮನೆ ರುಚಿ" ಎಂದು ಸೇರಿಸಿದರೆ ಜನ ಬೇಗ ಹುಡುಕಿಕೊಂಡು ಬರುತ್ತಾರೆ ಎಂದೆ. "ಒಳ್ಳೆ ಐಡಿಯಾ ಅತ್ತೆ!" ಎಂದು ಹುಡುಗ ಕುಣಿದ. ಆ ಹೆಸರು ಖಾಲಿ ಇತ್ತು. ಏಳುನೂರು ಚಿಲ್ಲರೆ ರೂಪಾಯಿ ಕಟ್ಟಿದ, ಹೆಸರು ಸಿಕ್ಕಿತು. ಚೀಟಿ ಎತ್ತಿದ ದುಡ್ಡಿನಲ್ಲಿ ಐದು ಸಾವಿರ ಲೇಬಲ್ ಅಚ್ಚು ಹಾಕಿಸಿದರು.

ಒಂಬತ್ತು ತಿಂಗಳು ವ್ಯಾಪಾರ ಚೆನ್ನಾಗಿಯೇ ನಡೆಯಿತು. ಹತ್ತನೆಯ ತಿಂಗಳು ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ದಪ್ಪ ಲಕೋಟೆ ಬಂತು. ದೊಡ್ಡ ನಗರದ ವಕೀಲರ ನೋಟೀಸು, ಹನ್ನೆರಡು ಪುಟ ಇಂಗ್ಲಿಷ್. ಏಳು ದಿನದೊಳಗೆ ವೆಬ್‌ಸೈಟ್ ಮುಚ್ಚಬೇಕು, ಆ ಹೆಸರನ್ನು ಕಂಪನಿಗೆ ಬರೆದುಕೊಡಬೇಕು, ಲೇಬಲ್ಲುಗಳನ್ನು ನಾಶ ಮಾಡಬೇಕು, ಇಲ್ಲದಿದ್ದರೆ ನಷ್ಟ ಪರಿಹಾರಕ್ಕೆ ದಾವೆ ಹೂಡುತ್ತೇವೆ ಎಂದಿತ್ತು. ನಾದಿನಿ ಆ ರಾತ್ರಿ ಊಟ ಮಾಡಲಿಲ್ಲ. "ಅತ್ತಿಗೆ, ನಾವೇನು ಕಳ್ಳತನ ಮಾಡಿದ್ವಾ?" ಎಂದಷ್ಟೇ ಕೇಳಿದಳು. ನನ್ನ ಗಂಟಲು ಕಟ್ಟಿತು. ಅವಳ ಮಗ ಮಾತ್ರ, "ನಾನು ದುಡ್ಡು ಕೊಟ್ಟು ತಗೊಂಡಿದ್ದೀನಿ. ಬಿಲ್ ಇದೆ. ಅದು ಹೆಂಗೆ ಅವರದಾಗುತ್ತೆ?" ಎಂದು ಕೂಗಾಡಿದ.

ಅವನ ಪ್ರಶ್ನೆ ನಮ್ಮಲ್ಲಿ ಬಹಳ ಜನರ ಪ್ರಶ್ನೆಯೂ ಹೌದು. ಅದಕ್ಕೆ ಉತ್ತರ ಹುಡುಕುತ್ತಾ ನಾನು ವಕೀಲರಿಂದ ಕೇಳಿ, ಓದಿ ತಿಳಿದುಕೊಂಡದ್ದು ಇಷ್ಟು.

ಡೊಮೈನ್ ಹೆಸರು ಎಂದರೇನು?

ಇಂಟರ್‌ನೆಟ್ಟಿನಲ್ಲಿ ಪ್ರತಿಯೊಂದು ವೆಬ್‌ಸೈಟಿಗೂ ಒಂದು ವಿಳಾಸವಿರುತ್ತದೆ. ಕೊನೆಯಲ್ಲಿ "ಡಾಟ್ ಕಾಮ್" ಎಂದೋ "ಡಾಟ್ ಇನ್" ಎಂದೋ ಬರುತ್ತದಲ್ಲ, ಅದು. ಅದನ್ನೇ ಡೊಮೈನ್ ಹೆಸರು ಎನ್ನುತ್ತಾರೆ. ಈಗ ಕನ್ನಡ ಅಕ್ಷರಗಳಲ್ಲೇ "ಡಾಟ್ ಭಾರತ" ಎಂದು ಮುಗಿಯುವ ಹೆಸರುಗಳೂ ಸಿಗುತ್ತವೆ. ಮನೆಗೆ ಬಾಗಿಲ ನಂಬರು ಇದ್ದ ಹಾಗೆ ಇದು ವಿಳಾಸ. ಅಂಗಡಿಗೆ ಬೋರ್ಡು ಇದ್ದ ಹಾಗೆ ಇದು ಹೆಸರೂ ಹೌದು. ತೊಡಕು ಬರುವುದೇ ಇಲ್ಲಿ. ಬಾಗಿಲ ನಂಬರಿಗೆ ಯಾರೂ ಜಗಳವಾಡುವುದಿಲ್ಲ, ಬೋರ್ಡಿನ ಹೆಸರಿಗೆ ಆಡುತ್ತಾರೆ.

ಈ ಹೆಸರುಗಳನ್ನು ಮಾರುವ ಕಂಪನಿಗಳಿಗೆ ರಿಜಿಸ್ಟ್ರಾರ್ ಎನ್ನುತ್ತಾರೆ. ಅವರ ನಿಯಮ ಸುಲಭ: ಮೊದಲು ಬಂದವರಿಗೆ ಮೊದಲು. ರೇಷನ್ ಅಂಗಡಿಯ ಸಾಲಿನಂತೆ. ಈ ಹೆಸರು ಬೇರೆ ಯಾರದಾದರೂ ವ್ಯಾಪಾರದ ಗುರುತೇ ಎಂದು ಅವರು ಪರೀಕ್ಷಿಸುವುದಿಲ್ಲ. ಖಾಲಿ ಇದೆಯೇ ಎಂದು ಮಾತ್ರ ನೋಡುತ್ತಾರೆ. ದುಡ್ಡು ಕಟ್ಟಿದರೆ ಕೊಡುತ್ತಾರೆ, ಅದೂ ಕಟ್ಟಿದಷ್ಟು ವರ್ಷದ ಮಟ್ಟಿಗೆ. ಆದ್ದರಿಂದ "ಬಿಲ್ ಇದೆ" ಎಂದರೆ ಹೆಸರಿನ ಹಕ್ಕು ನಮ್ಮದೆಂದು ಅರ್ಥವಲ್ಲ. ಬಾಡಿಗೆ ರಸೀತಿ ತೋರಿಸಿ ಮನೆ ನನ್ನದು ಎಂದರೆ ಆದೀತೇ?

ಇನ್ನೂ ಒಂದು ಸಂಗತಿ ಇದೆ. ಹೆಸರು ಕೊಳ್ಳುವಾಗ ಒಂದು ದೊಡ್ಡ ಒಪ್ಪಂದ ಪತ್ರ ಪರದೆಯ ಮೇಲೆ ಬರುತ್ತದೆ. ನಾವು ಯಾರೂ ಓದದೆ "ಒಪ್ಪಿದೆ" ಎಂದು ಒತ್ತುತ್ತೇವೆ. ಅದರಲ್ಲಿ, ನನಗೆ ತಿಳಿದ ಮಟ್ಟಿಗೆ ಈ ಹೆಸರಿನಿಂದ ಇನ್ನೊಬ್ಬರ ಹಕ್ಕಿಗೆ ಧಕ್ಕೆಯಿಲ್ಲ, ವ್ಯಾಜ್ಯ ಬಂದರೆ ಪಂಚಾಯಿತಿಗೆ ಒಳಪಡುತ್ತೇನೆ ಎಂದು ನಾವೇ ಒಪ್ಪಿಕೊಂಡಿರುತ್ತೇವೆ. ನಮ್ಮ ಹುಡುಗನೂ ಒತ್ತಿದ್ದ.

ಟ್ರೇಡ್‌ಮಾರ್ಕ್ ಯಾರ ಸ್ವತ್ತು?

ಒಂದು ಕಂಪನಿ ತನ್ನ ಮಾಲನ್ನು ಗುರುತಿಸಲು ಬಳಸುವ ಹೆಸರು, ಚಿತ್ರ ಅಥವಾ ಚಿಹ್ನೆಯೇ ಟ್ರೇಡ್‌ಮಾರ್ಕ್. ನಮ್ಮ ದೇಶದಲ್ಲಿ ಇದಕ್ಕೆ 1999ರ ಟ್ರೇಡ್ ಮಾರ್ಕ್ಸ್ ಕಾಯಿದೆ ಇದೆ. 2003ರ ಸೆಪ್ಟೆಂಬರಿನಿಂದ ಅದು ಜಾರಿಯಲ್ಲಿದೆ. ನೋಂದಾಯಿಸಿದ ಹೆಸರಿಗೆ ಹತ್ತು ವರ್ಷ ರಕ್ಷಣೆ. ಮತ್ತೆ ಮತ್ತೆ ನವೀಕರಿಸಬಹುದು.

"ನೋಂದಾಯಿಸದ ಹೆಸರಾದರೆ ಬಳಸಬಹುದಲ್ಲ?" ಎಂದು ಕೇಳಬಹುದು. ಹಾಗೂ ಇಲ್ಲ. ಬಹುಕಾಲ ವ್ಯಾಪಾರ ಮಾಡಿ ಹೆಸರು ಗಳಿಸಿದವರ ಮಾಲು ಎಂದು ಜನ ನಂಬುವಂತೆ ನಮ್ಮ ಮಾಲನ್ನು ಮಾರಿದರೆ ಅದೂ ತಪ್ಪು. ವಕೀಲರು ಇದನ್ನು "ಪಾಸಿಂಗ್ ಆಫ್" ಎನ್ನುತ್ತಾರೆ. ಪಕ್ಕದ ಮನೆಯಾಕೆ ಹತ್ತು ವರ್ಷ ಕಷ್ಟಪಟ್ಟು ಹೋಳಿಗೆಗೆ ಹೆಸರು ಮಾಡಿರುತ್ತಾಳೆ, ನಾನು ಅವಳ ಹೆಸರು ಹೇಳಿಕೊಂಡು ನನ್ನ ಹೋಳಿಗೆ ಮಾರಿದರೆ ಅವಳಿಗೆ ಸಂಕಟವಾಗುವುದಿಲ್ಲವೇ? ನ್ಯಾಯಾಲಯ ನೋಡುವುದೂ ಅಷ್ಟನ್ನೇ. ಎರಡು ಹೆಸರನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡುವುದಿಲ್ಲ. ಸಾಧಾರಣ ತಿಳಿವಳಿಕೆಯ, ಹೆಸರು ಅರೆಬರೆ ನೆನಪಿರುವ ಗಿರಾಕಿಗೆ ಗೊಂದಲವಾದೀತೇ ಎಂದು ನೋಡುತ್ತದೆ.

ನ್ಯಾಯಾಲಯಗಳು ಏನು ಹೇಳಿವೆ?

ನಮ್ಮ ದೇಶದಲ್ಲಿ ಡೊಮೈನ್ ಹೆಸರಿಗೆಂದೇ ಪ್ರತ್ಯೇಕ ಕಾಯಿದೆ ಇಲ್ಲ. ನ್ಯಾಯಾಲಯಗಳು ಟ್ರೇಡ್‌ಮಾರ್ಕಿನ ಕಾನೂನನ್ನೇ ಇದಕ್ಕೂ ಅನ್ವಯಿಸಿವೆ. 1999ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟಿನಲ್ಲಿ ಒಂದು ಮೊಕದ್ದಮೆಯ ಆದೇಶ ಬಂತು. ಅಮೆರಿಕದ ಯಾಹೂ ಕಂಪನಿಗೆ "ಯಾಹೂ ಡಾಟ್ ಕಾಮ್" ಇತ್ತು. ಇಲ್ಲಿನವರೊಬ್ಬರು "ಯಾಹೂಇಂಡಿಯಾ ಡಾಟ್ ಕಾಮ್" ಎಂದು ಶುರು ಮಾಡಿದ್ದರು. ಯಾಹೂ ಹೆಸರು ಆಗ ಭಾರತದಲ್ಲಿ ನೋಂದಣಿಯೇ ಆಗಿಲ್ಲ, ಇಂಟರ್‌ನೆಟ್ ಬಳಸುವವರು ತಿಳಿದವರು, ಮೋಸ ಹೋಗುವುದಿಲ್ಲ, ನಮಗೂ ಆ ಕಂಪನಿಗೂ ಸಂಬಂಧವಿಲ್ಲವೆಂದು ಬರೆದೇ ಇದ್ದೇವೆ ಎಂದೆಲ್ಲ ಅವರು ವಾದಿಸಿದರು. ನ್ಯಾಯಾಲಯ ಒಪ್ಪಲಿಲ್ಲ, ತಡೆಯಾಜ್ಞೆ ಕೊಟ್ಟಿತು. ಅಂದರೆ "ಇಂಡಿಯಾ" ಎಂದೋ "ಮನೆ ರುಚಿ" ಎಂದೋ ಬಾಲ ಸೇರಿಸಿದರೆ ಪಾರಾದೆವೆಂದು ತಿಳಿಯಬಾರದು. ಕೆಳಗೆ ಸಣ್ಣ ಅಕ್ಷರದಲ್ಲಿ "ಸಂಬಂಧವಿಲ್ಲ" ಎಂದು ಬರೆದರೂ ಸಾಲದು.

ಅದೇ ವರ್ಷ ಮುಂಬಯಿ ಹೈಕೋರ್ಟಿಗೆ ಇನ್ನೊಂದು ವ್ಯಾಜ್ಯ ಬಂತು. ಒಂದು ಕಡೆ "ರೆಡಿಫ್ ಡಾಟ್ ಕಾಮ್", ಇನ್ನೊಂದು ಕಡೆ "ರಾಡಿಫ್ ಡಾಟ್ ಕಾಮ್". ಇಂಗ್ಲಿಷಿನಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ. ಇಂಟರ್‌ನೆಟ್ ಹೆಸರು ಬರೀ ವಿಳಾಸವಲ್ಲ, ಅದು ಕಂಪನಿಯ ಬೆಲೆಬಾಳುವ ಸ್ವತ್ತು ಎಂದು ಹೇಳಿ ಅಲ್ಲಿಯೂ ತಡೆಯಾಜ್ಞೆ ಕೊಟ್ಟರು.

ನಮ್ಮ ರಾಜ್ಯಕ್ಕೇ ಸಂಬಂಧಪಟ್ಟ ಮೊಕದ್ದಮೆ ಇವೆಲ್ಲಕ್ಕಿಂತ ಮುಖ್ಯವಾದದ್ದು. ಸತ್ಯಂ ಇನ್ಫೋವೇ ಎಂಬ ಕಂಪನಿ ತನ್ನ ಹೆಸರಿನ ಅಕ್ಷರಗಳನ್ನು ಹೆಕ್ಕಿ "ಸಿಫಿ" ಎಂಬ ಪದ ಕಟ್ಟಿಕೊಂಡಿತ್ತು. 1999ರಲ್ಲಿ "ಸಿಫಿನೆಟ್ ಡಾಟ್ ಕಾಮ್" ಮುಂತಾದ ಹೆಸರುಗಳನ್ನು ನೋಂದಾಯಿಸಿತು. 2001ರಲ್ಲಿ ಇನ್ನೊಂದು ಸಂಸ್ಥೆ ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚಿಗೆ ಸೇರಿಸಿ, ಕೇಳಲು ಹೆಚ್ಚುಕಡಿಮೆ ಒಂದೇ ಆಗಿರುವ ಹೆಸರು ತೆಗೆದುಕೊಂಡಿತು. ಮೊದಲಿನವರು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯಕ್ಕೆ ಹೋದರು, ತಡೆಯಾಜ್ಞೆ ಸಿಕ್ಕಿತು. ಎರಡನೆಯವರು ಕರ್ನಾಟಕ ಹೈಕೋರ್ಟಿಗೆ ಹೋದರು, ಅಲ್ಲಿ ಅವರ ಪರವಾಯಿತು. ಕೊನೆಗೆ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

2004ರ ಮೇ ತಿಂಗಳಲ್ಲಿ ತೀರ್ಪು ಬಂತು. ಅದನ್ನು ಬರೆದವರು ಒಬ್ಬ ಹೆಣ್ಣುಮಗಳು, ನ್ಯಾಯಮೂರ್ತಿ ರೂಮಾ ಪಾಲ್. ನಮ್ಮ ಸುಪ್ರೀಂ ಕೋರ್ಟಿನ ಮೂರನೆಯ ಮಹಿಳಾ ನ್ಯಾಯಮೂರ್ತಿ ಅವರು. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿನ ಎಲ್ಲ ಲಕ್ಷಣ ಇರಬಹುದು, ಅದರ ಮೇಲೂ ಪಾಸಿಂಗ್ ಆಫ್ ದಾವೆ ಹೂಡಬಹುದು ಎಂದು ಆ ತೀರ್ಪು ಸ್ಪಷ್ಟಪಡಿಸಿತು. ನಮ್ಮ ಐವರು ಪ್ರವರ್ತಕರ ಹೆಸರಿನ ಮೊದಲ ಅಕ್ಷರ ಸೇರಿಸಿ ಈ ಪದ ಮಾಡಿಕೊಂಡೆವು ಎಂದು ಎರಡನೆಯ ಸಂಸ್ಥೆ ಸಮಜಾಯಿಷಿ ಕೊಟ್ಟಿತ್ತು. ನ್ಯಾಯಾಲಯ ಅದನ್ನು ನಂಬಲಿಲ್ಲ. ಸಿಟಿ ಸಿವಿಲ್ ನ್ಯಾಯಾಲಯದ ತಡೆಯಾಜ್ಞೆ ಮತ್ತೆ ಜಾರಿಗೆ ಬಂತು.

ಈ ಕಥೆ ಕೇಳಿದ ಮೇಲೆ ನಮ್ಮ ಹುಡುಗ ಸುಮ್ಮನಾದ. ದುಡ್ಡಿದ್ದ ಸಂಸ್ಥೆಯೇ ಮೂರು ನ್ಯಾಯಾಲಯ ಸುತ್ತಿ ಸೋತಿದ್ದರೆ, ಸಾರಿನ ಪುಡಿ ಮಾರುವ ನಾವು ಎಲ್ಲಿಯವರು?

ಕೊಂಡು ಮಾರುವ ಆಸೆ

ಕೆಲವು ಹುಡುಗರಿಗೆ ಇನ್ನೊಂದು ಆಸೆ ಇರುತ್ತದೆ. ದೊಡ್ಡ ಕಂಪನಿಯ ಹೆಸರನ್ನು ಮೊದಲೇ ಕೊಂಡಿಟ್ಟುಕೊಂಡು, ಆಮೇಲೆ ಅವರಿಗೇ ಲಕ್ಷಗಟ್ಟಲೆಗೆ ಮಾರುವುದು. ನಿಮ್ಮ ಮಕ್ಕಳೋ ಮೈದುನಂದಿರೋ ಹೀಗೆ ಹೇಳಿದರೆ ದಯವಿಟ್ಟು ತಡೆಯಿರಿ. ಹೀಗೆ ಕೂಡಿಹಾಕುವುದಕ್ಕೆ "ಸೈಬರ್ ಸ್ಕ್ವಾಟಿಂಗ್" ಎನ್ನುತ್ತಾರೆ. ಬೇರೆಯವರ ಸೈಟಿನಲ್ಲಿ ಗುಡಿಸಲು ಹಾಕಿ ಕೂತು, ಏಳಬೇಕಾದರೆ ದುಡ್ಡು ಕೊಡಿ ಎಂದ ಹಾಗೆ.

ಇಂಥ ವ್ಯಾಜ್ಯಕ್ಕೆಂದೇ 1999ರಲ್ಲಿ ಅಂತರರಾಷ್ಟ್ರೀಯ ಪಂಚಾಯಿತಿ ನಿಯಮ ಬಂತು. ಯುಡಿಆರ್‌ಪಿ ಎಂದು ಅದರ ಹೆಸರು. ಅದರ ಕೆಳಗೆ ತೀರ್ಮಾನವಾದ ಮೊದಲ ದೂರು ಅಮೆರಿಕದ ಒಂದು ಕುಸ್ತಿ ಕಂಪನಿಯದು. ಕ್ಯಾಲಿಫೋರ್ನಿಯಾದ ಒಬ್ಬ ಅದರ ಪೂರ್ತಿ ಹೆಸರನ್ನೇ 1999ರ ಅಕ್ಟೋಬರಿನಲ್ಲಿ ಕೊಂಡು, ಮೂರೇ ದಿನದಲ್ಲಿ ಸಾವಿರ ಡಾಲರಿಗೆ ಕಂಪನಿಗೆ ಮಾರಲು ಹೋದ. 2000ದ ಜನವರಿಯಲ್ಲಿ ತೀರ್ಮಾನ ಬಂತು: ಹೆಸರು ಕಂಪನಿಗೆ ಸೇರಬೇಕು. ಅವನ ಕೈಗೆ ಬಿಡಿಗಾಸೂ ಬರಲಿಲ್ಲ.

ಈ ಪಂಚಾಯಿತಿಯಲ್ಲಿ ದೂರು ಕೊಟ್ಟವರು ಮೂರು ಸಂಗತಿ ತೋರಿಸಬೇಕು. ಹೆಸರು ತಮ್ಮ ಟ್ರೇಡ್‌ಮಾರ್ಕಿನ ಹಾಗೇ ಇದೆ ಅಥವಾ ಗೊಂದಲವಾಗುವಷ್ಟು ಹೋಲುತ್ತದೆ. ಕೊಂಡವರಿಗೆ ಆ ಹೆಸರಿನ ಮೇಲೆ ನ್ಯಾಯವಾದ ಹಕ್ಕಿಲ್ಲ. ಕೆಟ್ಟ ಉದ್ದೇಶದಿಂದ ಕೊಂಡು ಬಳಸುತ್ತಿದ್ದಾರೆ. ಮೂರೂ ರುಜುವಾತಾದರೆ ಹೆಸರು ರದ್ದಾಗುತ್ತದೆ, ಇಲ್ಲವೇ ಅವರಿಗೆ ಹೋಗುತ್ತದೆ. ದಂಡ, ಪರಿಹಾರ ಇಲ್ಲಿಲ್ಲ. ಅದಕ್ಕೆ ನ್ಯಾಯಾಲಯಕ್ಕೇ ಹೋಗಬೇಕು. ಡಾಟ್ ಇನ್ ಮತ್ತು ಡಾಟ್ ಭಾರತ ಹೆಸರುಗಳಿಗೆ ನಮ್ಮ ದೇಶದ್ದೇ ಪಂಚಾಯಿತಿ ಇದೆ. ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಅದನ್ನು ನಡೆಸುತ್ತದೆ.

"ಅದು ನಮ್ಮ ಮನೆತನದ ಹೆಸರು!"

ನಮ್ಮ ಮನೆತನದ ಹೆಸರೇ ದೊಡ್ಡ ಕಂಪನಿಯ ಹೆಸರೂ ಆಗಿದ್ದರೆ? ಇದಕ್ಕೆ ಅಮೆರಿಕದ ಉಜಿ ನಿಸಾನ್ ಎಂಬವರ ಕಥೆ ಕೇಳಿ. ನಿಸಾನ್ ಎಂಬುದು ಅವರ ಕುಲನಾಮ. ಆ ಹೆಸರಿನಲ್ಲಿ ಕಂಪ್ಯೂಟರ್ ವ್ಯಾಪಾರ ಮಾಡುತ್ತಿದ್ದ ಅವರು 1994ರಲ್ಲೇ "ನಿಸಾನ್ ಡಾಟ್ ಕಾಮ್" ನೋಂದಾಯಿಸಿದ್ದರು. 1999ರಲ್ಲಿ ಮೋಟಾರು ಕಾರಿನ ನಿಸಾನ್ ಕಂಪನಿ ಅವರ ಮೇಲೆ ಒಂದು ಕೋಟಿ ಡಾಲರಿನ ದಾವೆ ಹೂಡಿತು. ವರ್ಷಗಟ್ಟಲೆ ಹೋರಾಡಿ ಅವರು ಹೆಸರನ್ನು ಉಳಿಸಿಕೊಂಡರು. 2020ರಲ್ಲಿ ಕೊರೋನಾದಿಂದ ತೀರಿಕೊಳ್ಳುವವರೆಗೂ ಅದು ಅವರ ಬಳಿಯೇ ಇತ್ತು. ಆದರೆ ಆ ಹೋರಾಟಕ್ಕೆ ಲಕ್ಷಾಂತರ ಡಾಲರ್ ಕರಗಿತು. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಇಂಥ ಮೊಕದ್ದಮೆ ನೋಡಿಯೇ ಹುಟ್ಟಿರಬೇಕು.

ನಮ್ಮ ಕಾಯಿದೆಯಲ್ಲೂ ತನ್ನ ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸುವವರಿಗೆ ರಕ್ಷಣೆ ಇದೆ. ಬೇರೆಯವರಿಗಿಂತ ಮೊದಲಿನಿಂದಲೂ ಆ ಹೆಸರನ್ನು ಬಳಸುತ್ತಾ ಬಂದವರಿಗೂ ಇದೆ. ಆದರೆ ಪ್ರಾಮಾಣಿಕತೆಯನ್ನು ಕಾಗದದಲ್ಲಿ ತೋರಿಸಬೇಕು. ಆದ್ದರಿಂದ ನಿಮ್ಮ ಮೊದಲ ಬಿಲ್ಲು, ಮೊದಲ ಲೇಬಲ್ಲು, ಅಚ್ಚು ಹಾಕಿಸಿದ ಪ್ರೆಸ್ಸಿನ ರಸೀತಿ, ಜಾತ್ರೆಯಲ್ಲಿ ಮಳಿಗೆ ಹಾಕಿದಾಗಿನ ಫೋಟೋ ಇವನ್ನೆಲ್ಲ ಎಸೆಯಬೇಡಿ. ಒಂದು ಹಳೆಯ ಬಿಸ್ಕತ್ ಡಬ್ಬದಲ್ಲಾದರೂ ಸರಿಯೇ, ತಾರೀಖಿನ ಪ್ರಕಾರ ಇಟ್ಟುಕೊಳ್ಳಿ.

ನೋಟೀಸು ಬಂದರೆ ಏನು ಮಾಡಬೇಕು?

ಮೊದಲನೆಯದು, ಹೆದರಿ ಮಂಚದ ಕೆಳಗೆ ಬಚ್ಚಿಡಬೇಡಿ. ವಕೀಲರ ನೋಟೀಸು ನ್ಯಾಯಾಲಯದ ಆಜ್ಞೆಯಲ್ಲ. ಆದರೆ ಉತ್ತರ ಕೊಡದೆ ಬಿಟ್ಟರೆ ಅವರು ದಾವೆ ಹೂಡಬಹುದು. ನೋಂದಾಯಿತ ಟ್ರೇಡ್‌ಮಾರ್ಕಿನ ಉಲ್ಲಂಘನೆಗೆ ಕಂಪನಿ ತಾನು ವ್ಯಾಪಾರ ನಡೆಸುವ ಊರಿನಲ್ಲೇ ದಾವೆ ಹೂಡಲು ಕಾನೂನಿನಲ್ಲಿ ಅವಕಾಶವಿದೆ. ನೀವಿರುವುದು ತಾಲ್ಲೂಕು ಕೇಂದ್ರದಲ್ಲಿ, ಮೊಕದ್ದಮೆ ನಡೆಯುವುದು ದೆಹಲಿಯಲ್ಲೋ ಮುಂಬಯಿಯಲ್ಲೋ! ನಮ್ಮ ಮಾತು ಕೇಳುವ ಮೊದಲೇ ತಾತ್ಕಾಲಿಕ ತಡೆಯಾಜ್ಞೆ ಕೊಡುವುದೂ ಉಂಟು. ಸೋತರೆ ನಷ್ಟ ಪರಿಹಾರ ಇಲ್ಲವೇ ಬಂದ ಲಾಭ ಕೊಡಬೇಕಾದೀತು, ಲೇಬಲ್ಲುಗಳನ್ನು ಒಪ್ಪಿಸಬೇಕಾದೀತು.

ಎರಡನೆಯದು, ಸಿಟ್ಟಿನಿಂದ ಫೋನು ಮಾಡಿ "ಇಷ್ಟು ಲಕ್ಷ ಕೊಟ್ಟರೆ ಹೆಸರು ಬಿಡುತ್ತೇವೆ" ಎನ್ನಬೇಡಿ. ನಮ್ಮ ಹುಡುಗ ಹಾಗೆ ಮಿಂಚಂಚೆ ಬರೆಯಲು ಕೂತಿದ್ದ, ಪುಣ್ಯಕ್ಕೆ ಕರೆಂಟು ಹೋಯಿತು. ಹಾಗೆ ದುಡ್ಡು ಕೇಳಿದ್ದನ್ನೇ ಕೆಟ್ಟ ಉದ್ದೇಶಕ್ಕೆ ಸಾಕ್ಷಿಯಾಗಿ ಅವರು ಮುಂದಿಡಬಹುದು.

ಮೂರನೆಯದು, ವಕೀಲರ ಸಲಹೆ ಪಡೆಯಿರಿ. ವಕೀಲರಿಗೆ ಕೊಡಲು ದುಡ್ಡೆಲ್ಲಿ ಎನ್ನುವಿರಾ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಹೆಂಗಸರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ವರಮಾನ ಎಷ್ಟೆಂಬುದು ಇದಕ್ಕೆ ಅಡ್ಡಿಯಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ. 15100 ಸಂಖ್ಯೆಗೆ ಫೋನು ಮಾಡಿದರೂ ಆದೀತು. ನಾವು ಹೋದದ್ದೂ ಅಲ್ಲಿಗೇ. ನಮಗೆ ಸಿಕ್ಕ ವಕೀಲೆ ಚಿಕ್ಕ ವಯಸ್ಸಿನವರು, ನೋಟೀಸನ್ನು ಪೂರ್ತಿ ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದರು.

"ಅಮ್ಮಾ, ನೀವು ಮೋಸ ಮಾಡಬೇಕೆಂದು ಮಾಡಿಲ್ಲ, ನನಗೆ ಗೊತ್ತು. ಆದರೆ ಈ ಹೆಸರನ್ನು ಆರಿಸಿದ್ದು ಯಾಕೆ ಹೇಳಿ?" ಎಂದು ಕೇಳಿದರು.

ನಾನು ತಲೆ ತಗ್ಗಿಸಿ ನಿಜ ಹೇಳಿದೆ. "ಆ ಹೆಸರು ಜನಕ್ಕೆ ಗೊತ್ತಿತ್ತು, ಅದಕ್ಕೆ."

"ಅಷ್ಟೇ ನೋಡಿ ಮೊಕದ್ದಮೆ. ಜನಕ್ಕೆ ಗೊತ್ತಾಗಲಿ ಎಂದು ಅವರು ದುಡಿದಿದ್ದಾರೆ" ಎಂದರು ಆಕೆ.

ಅವರೇ ಉತ್ತರ ಬರೆದುಕೊಟ್ಟರು. ತಿಳಿಯದೆ ಆದ ತಪ್ಪು, ಹೆಸರು ಬಿಟ್ಟುಕೊಡುತ್ತೇವೆ, ಮುಂದೆ ಬಳಸುವುದಿಲ್ಲ, ಪರಿಹಾರ ಕೇಳಬೇಡಿ ಎಂದು. ಎರಡು ತಿಂಗಳ ಪತ್ರ ವ್ಯವಹಾರದ ಮೇಲೆ ಕಂಪನಿಯವರು ಒಪ್ಪಿದರು. ನಾದಿನಿ ಮುಚ್ಚಳಿಕೆಗೆ ಸಹಿ ಹಾಕಿದಳು. ಉಳಿದಿದ್ದ ಮೂರು ಸಾವಿರ ಚಿಲ್ಲರೆ ಲೇಬಲ್ಲನ್ನು ಹಿತ್ತಲಲ್ಲಿ ಸುಟ್ಟು ಫೋಟೋ ಕಳಿಸಿದೆವು. ಚೀಟಿಯ ದುಡ್ಡು ಹೊಗೆಯಾಗಿ ಹೋಯಿತು. ಹಳೆಯ ಹೆಸರಿನಲ್ಲಿ ಹುಡುಕಿಕೊಂಡು ಬರುತ್ತಿದ್ದ ಗಿರಾಕಿಗಳೂ ಹೋದರು.

ಎಲ್ಲ ನೋಟೀಸಿಗೂ ಹೀಗೆ ತಲೆಬಾಗಬೇಕೆಂದು ನಾನು ಹೇಳುತ್ತಿಲ್ಲ. ನಿಮ್ಮ ಹೆಸರು ನಿಜವಾಗಿ ನಿಮ್ಮದೇ ಆಗಿದ್ದರೆ, ಕಾಗದಪತ್ರವಿದ್ದರೆ, ನಿಲ್ಲಿ. ಆಧಾರವಿಲ್ಲದೆ ಬರೀ ಬೆದರಿಕೆ ಹಾಕುವವರ ಮೇಲೆ ತಿರುಗಿ ದಾವೆ ಹೂಡಲೂ ಕಾಯಿದೆಯಲ್ಲಿ ದಾರಿ ಇದೆ. ಯಾವುದು ನಿಮ್ಮ ಸ್ಥಿತಿ ಎಂದು ವಕೀಲರು ಹೇಳಬೇಕು, ಓಣಿಯವರಲ್ಲ.

ಹೆಸರಿಡುವ ಮುನ್ನ

ಮನೆಯಿಂದ ವ್ಯಾಪಾರ ಮಾಡುವ ಸೋದರಿಯರು ಈ ಕೆಲವು ಮಾತುಗಳನ್ನು ಕತ್ತರಿಸಿ ಅಡಿಗೆಮನೆಯ ಬಾಗಿಲಿಗೆ ಅಂಟಿಸಿಕೊಂಡರೂ ಸರಿಯೇ.

1. ಹೆಸರು ಆರಿಸಿದ ಕೂಡಲೇ ದುಡ್ಡು ಕಟ್ಟಬೇಡಿ. ಕೇಂದ್ರ ಸರ್ಕಾರದ ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹೆಸರು ಹುಡುಕಿ ನೋಡಬಹುದು, ಅದಕ್ಕೆ ಶುಲ್ಕವಿಲ್ಲ. ಮಾಲುಗಳನ್ನೂ ಸೇವೆಗಳನ್ನೂ 45 ವರ್ಗಗಳಾಗಿ ಮಾಡಿದ್ದಾರೆ. ಮಸಾಲೆ ಪುಡಿ, ಕಾಫಿ, ಹಿಟ್ಟು 30ನೆಯ ವರ್ಗ, ಉಪ್ಪಿನಕಾಯಿ 29ನೆಯದು. ಬರೆಯುವ ರೀತಿ ಬೇರೆಯಾದರೂ ಕೇಳಲು ಒಂದೇ ಆಗುವ ಹೆಸರನ್ನೂ ಹುಡುಕಿ.

2. ಹೆಸರಾಂತ ಕಂಪನಿಯ ಹೆಸರಿಗೆ ಬಾಲವನ್ನೋ ಕೊಂಬನ್ನೋ ಸೇರಿಸಬೇಡಿ. ಅಕ್ಷರ ಹಿಂದುಮುಂದು ಮಾಡುವುದೂ ಬೇಡ.

3. ನೀವು ಒಂದು ಕಂಪನಿಯ ಮಾಲನ್ನೇ ಮಾರುವವರಾದರೂ ಆ ಕಂಪನಿಯ ಹೆಸರಿನಲ್ಲಿ ಡೊಮೈನ್ ಕೊಳ್ಳುವ ಮೊದಲು ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ.

4. ಬರೀ ಊರಿನ ಹೆಸರು, ಬರೀ "ರುಚಿ", "ಶುದ್ಧ" ಎಂಬಂಥ ಪದಗಳು ಸುಲಭವಾಗಿ ನಿಮ್ಮದೇ ಟ್ರೇಡ್‌ಮಾರ್ಕ್ ಆಗುವುದಿಲ್ಲ. ಧಾರವಾಡ ಪೇಡ, ಬ್ಯಾಡಗಿ ಮೆಣಸಿನಕಾಯಿಯಂಥ ಹೆಸರುಗಳಿಗೆ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಬೇರೆ ಕಡೆಯ ಮಾಲಿಗೆ ಆ ಹೆಸರು ಹಚ್ಚಬಾರದು. ನೀವೇ ಕಟ್ಟಿದ, ಯಾರೂ ಕೇಳಿರದ ಪದವೇ ಎಲ್ಲಕ್ಕಿಂತ ಗಟ್ಟಿ.

5. ಡೊಮೈನನ್ನು ನಿಮ್ಮ ಹೆಸರಿನಲ್ಲೇ, ನಿಮ್ಮ ಫೋನು ನಂಬರಿನಲ್ಲೇ ಕೊಳ್ಳಿ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿದ್ದರೆ ನಾಳೆ ಅವನು ಊರು ಬಿಟ್ಟರೆ ನಿಮ್ಮ ಅಂಗಡಿಯ ಬೀಗದ ಕೈಯೂ ಹೋದಂತೆ. ನವೀಕರಿಸುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

6. ವ್ಯಾಪಾರ ಕುದುರಿದ ಮೇಲೆ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿ. 2017ರ ನಿಯಮದ ಪ್ರಕಾರ ಒಬ್ಬ ವ್ಯಕ್ತಿ ಇಂಟರ್‌ನೆಟ್ ಮೂಲಕ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ನಮ್ಮ ರಾಜ್ಯದವರ ಅರ್ಜಿ ಚೆನ್ನೈ ಕಚೇರಿಗೆ ಸೇರುತ್ತದೆ. ನೋಂದಣಿಯಾಗುವ ಮೊದಲೇ ಲೇಬಲ್ಲಿನ ಮೇಲೆ ವೃತ್ತದೊಳಗಿನ "ಆರ್" ಗುರುತು ಹಾಕುವುದು ಕಾನೂನಿಗೆ ವಿರುದ್ಧ, ನೆನಪಿರಲಿ.

ನಾಳೆ ಯಾರಾದರೂ ನಿಮ್ಮ ಹೆಸರನ್ನೇ ಕದ್ದು ವೆಬ್‌ಸೈಟ್ ಮಾಡಿದರೆ ಇದೇ ಕಾನೂನು ನಿಮ್ಮ ಪರವಾಗಿಯೂ ನಿಲ್ಲುತ್ತದೆ. ಕಾನೂನು ಇರುವುದು ದೊಡ್ಡ ಕಂಪನಿಗಷ್ಟೇ ಅಲ್ಲ. ದುಡಿದು ಹೆಸರು ಗಳಿಸಿದವರು ಯಾರೇ ಇರಲಿ, ಅವರಿಗೆ.

ಈಗ ನಾದಿನಿಯ ಪುಡಿಗೆ ಹೊಸ ಹೆಸರು ಬಂದಿದೆ. ಈ ಸಲ ಹದಿನೈದು ದಿನ ಯೋಚಿಸಿದೆವು. ಅವಳ ಅತ್ತೆ, ಎಂಬತ್ತು ದಾಟಿದವರು, ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಾ ಕೇಳುತ್ತಿದ್ದರು. "ಪುಡಿ ಮಾಡೋದು ಕಲಿಸಿದೋಳು ನಾನು, ನನ್ನ ಹೆಸರಿಗೇನಾಗಿದೆ?" ಎಂದರು. ಎಲ್ಲರೂ ನಕ್ಕೆವು. ಆಮೇಲೆ ಅವರ ಹೆಸರಿನ ಎರಡು ಅಕ್ಷರ, ನಾದಿನಿಯ ಹೆಸರಿನ ಎರಡು ಅಕ್ಷರ ಸೇರಿಸಿ ಒಂದು ಹೊಸ ಪದ ಕಟ್ಟಿದೆವು. ಹುಡುಗ ಎರಡು ದಿನ ಕೂತು ಹುಡುಕಿದ. ಆ ಹೆಸರಿನವರು ಯಾರೂ ಸಿಗಲಿಲ್ಲ. ಅರ್ಜಿ ಹಾಕಿದ್ದೇವೆ.

ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿ ಬರುತ್ತಿದ್ದಾರೆ. ಹೋದ ವಾರ ಒಬ್ಬಾಕೆ ಫೋನು ಮಾಡಿ, "ಹೆಸರು ಬದಲಾಯಿತಂತೆ, ಪುಡಿ ಅದೇ ತಾನೇ?" ಎಂದು ಕೇಳಿದರಂತೆ. "ಪುಡಿ ಅದೇ ಕಣ್ರೀ. ಈಗ ಹೆಸರೂ ನಮ್ಮದೇ" ಎಂದಳಂತೆ ನಾದಿನಿ. ನನ್ನ ಮೇಲೆ ಒಂದು ದಿನವೂ ತಪ್ಪು ಹೊರಿಸದ ಆ ಹೆಣ್ಣುಮಗಳ ಬಾಯಲ್ಲಿ ಈ ಮಾತು ಕೇಳಿ ನನ್ನ ಎದೆಯ ಭಾರ ಅರ್ಧ ಇಳಿಯಿತು. ಇದನ್ನು ಓದಿ ನಿಮ್ಮಲ್ಲಿ ಒಬ್ಬರಾದರೂ ಆ ನೋಟೀಸಿನಿಂದ ಪಾರಾದರೆ ಉಳಿದರ್ಧವೂ ಇಳಿದೀತು.